ನಡೆಯುತ್ತಾ ಲೆಕ್ಕ, ನಡೆಯುತ್ತಾ ಮಾತು: ಐದು ಅಭ್ಯಾಸ ಮಾಡಿ ನೋಡಿದ ಮೇಲೆ

ಸ್ಟ್ರೋಕ್ ಆಗಿ ಐದು ತಿಂಗಳಿಗೆ ನಾನು ಕೋಲಿಲ್ಲದೆ ನಡೆಯುತ್ತಿದ್ದೆ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಒಂದು ದಿನ ಮಗಳು ಪಕ್ಕದಲ್ಲಿ ನಡೆಯುತ್ತಾ ಏನೋ ಕೇಳಿದಳು. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು. "ಅಪ್ಪ, ನೀನು ಬಾಯಿ ತೆಗೆದ ತಕ್ಷಣ ನಿಂತುಬಿಡ್ತೀಯ, ಗೊತ್ತಾ?" ಅಂದಳು. ನನಗೆ ಗೊತ್ತೇ ಇರಲಿಲ್ಲ.

ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಆರೈಕೆಯಲ್ಲಿದ್ದ 58 ಹಿರಿಯರನ್ನು ನಡೆಯುವಾಗ ಮಾತಾಡಿಸಿ ನೋಡಿದ್ದರಂತೆ. 12 ಜನ ಮಾತಾಡಲು ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ಇದನ್ನು ಕೇಳಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಕಾರಣ ಸರಳ. ಆರೋಗ್ಯವಾಗಿದ್ದಾಗ ನಡಿಗೆ ಹೆಚ್ಚುಕಡಿಮೆ ತನ್ನಷ್ಟಕ್ಕೇ ನಡೆಯುತ್ತದೆ, ಅದಕ್ಕೆ ಗಮನ ಅಷ್ಟಾಗಿ ಬೇಡ. ಮೆದುಳಿಗೆ ಪೆಟ್ಟು ಬಿದ್ದ ಮೇಲೆ ಪ್ರತಿ ಹೆಜ್ಜೆಗೂ ಗಮನ ಬೇಕು. ಮಾತಿಗೂ ಗಮನ ಬೇಕು. ಎರಡಕ್ಕೂ ಸಾಲದೇ ಹೋದಾಗ ಒಂದು ನಿಲ್ಲುತ್ತದೆ. ನನ್ನಲ್ಲಿ ಕಾಲು ನಿಲ್ಲುತ್ತಿತ್ತು. ಒಂದು ಲೆಕ್ಕಕ್ಕೆ ಅದು ಒಳ್ಳೆಯದೇ. ಪಾರ್ಕಿನ್ಸನ್ ಇರುವ ಕೆಲವರು ಕಾಲನ್ನು ಮರೆತು ಮಾತು ಮುಂದುವರಿಸುತ್ತಾರೆ, ಅದು ಇನ್ನೂ ಅಪಾಯ.

ಇದಕ್ಕೆ ಮದ್ದು ಅಂದರೆ ದೇಹದ ಕೆಲಸ ಮತ್ತು ಬುದ್ಧಿಯ ಕೆಲಸವನ್ನು ಜೋಡಿಸಿ ಅಭ್ಯಾಸ ಮಾಡುವುದು. ಆದರೆ ಯಾವುದನ್ನು ಯಾವುದಕ್ಕೆ ಜೋಡಿಸಬೇಕು? ಫಿಸಿಯೋಥೆರಪಿಸ್ಟ್ ಹಲವು ದಾರಿ ಹೇಳಿದರು. ನಾನು ಒಂದೊಂದನ್ನೂ ಮೂರು ವಾರ ಮಾಡಿದೆ, ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ.

ಅಳತೆ ಹೀಗೆ. ನೆಲದ ಮೇಲೆ 10 ಮೀಟರ್ ಗುರುತು. ಮೊದಲು ಸುಮ್ಮನೆ ನಡೆಯುವುದು, ಆಮೇಲೆ ಲೆಕ್ಕ ಮಾಡುತ್ತಾ ನಡೆಯುವುದು. ಗಡಿಯಾರ ಮಗಳ ಕೈಯಲ್ಲಿ. ಶುರುವಿನಲ್ಲಿ ಬರೀ ನಡಿಗೆಗೆ 14 ಸೆಕೆಂಡ್, ಲೆಕ್ಕದ ಜೊತೆ 21. ಅಂದರೆ ಎರಡನೇ ಕೆಲಸದಿಂದ ಶೇಕಡಾ 50 ನಷ್ಟ. ನೋಡಬೇಕಾದದ್ದು ಈ ನಷ್ಟವನ್ನೇ. ಬರೀ ಸಮಯ ನೋಡಿದರೆ ಕಾಲಿಗೆ ಬಲ ಬಂದದ್ದೂ ಗಮನ ಸುಧಾರಿಸಿದ್ದೂ ಬೆರೆತುಹೋಗುತ್ತದೆ. ಇನ್ನೊಂದು ವಿಷಯ: ಸರಿ ಉತ್ತರ ಎಷ್ಟು ಬಂತು ಅಂತಲೂ ಬರೆದಿಡಿ. ನಾನು ಮೊದಲ ವಾರ ಬರೆದಿರಲಿಲ್ಲ. ವೇಗವಾಗಿ ನಡೆದೆ ಅಂತ ಖುಷಿಪಟ್ಟ ದಿನಗಳಲ್ಲಿ ಲೆಕ್ಕವನ್ನೇ ಕೈಬಿಟ್ಟಿದ್ದೆ ಅಂತ ಆಮೇಲೆ ಮಗಳು ಹೇಳಿದಳು.

ಬೇರೆಬೇರೆಯಾಗಿ ಮಾಡುವುದು

ಬೆಳಿಗ್ಗೆ ಕಾಲಿನ ವ್ಯಾಯಾಮ, ಸಂಜೆ ಕುಳಿತು ಪದಬಂಧ, ಲೆಕ್ಕ. ಸುರಕ್ಷಿತ, ಸುಲಭ. ಮೂರು ವಾರದ ಮೇಲೆ ಬರೀ ನಡಿಗೆ 12 ಸೆಕೆಂಡಿಗೆ ಇಳಿಯಿತು. ಲೆಕ್ಕದ ಜೊತೆ 18. ನಷ್ಟ ಮಾತ್ರ ಅದೇ ಶೇಕಡಾ 50. ಕಾಲು ಗಟ್ಟಿಯಾಯಿತು, ಜೋಡಿಸುವ ಶಕ್ತಿ ಬರಲಿಲ್ಲ.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಪಾರ್ಕಿನ್ಸನ್ ಇರುವ 121 ಜನರ ಮೇಲೆ ನಡೆದ ಒಂದು ಪ್ರಯೋಗ 2017ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಬೇರೆಬೇರೆಯಾಗಿ ಮಾಡಿದವರೂ ಜೋಡಿಸಿ ಮಾಡಿದವರೂ ಒಂದೇ ರೀತಿ ಸುಧಾರಿಸಿದರು. ನನ್ನ ಕಾಯಿಲೆ ಬೇರೆ, ನಾನು ಮಾಡಿದ್ದು ಮೂರೇ ವಾರ. ಬರೀ ನಡಿಗೆಯೇ ಇನ್ನೂ ತೂರಾಡುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು ಅಂತ ನನಗೂ ಅನ್ನಿಸುತ್ತದೆ.

ಏಳೇಳು ಕಳೆಯುತ್ತಾ ನಡೆಯುವುದು

ಎಲ್ಲರೂ ಮೊದಲು ಹೇಳುವುದು ಇದನ್ನೇ. 100ರಿಂದ ಏಳು ಕಳೆ, ಮತ್ತೆ ಏಳು ಕಳೆ. ಮೊದಲ ದಿನ 86 ದಾಟಲಿಲ್ಲ. ಮೂರನೇ ವಾರದ ಕೊನೆಗೆ ನಡಿಗೆ 12, ಲೆಕ್ಕದ ಜೊತೆ 15. ನಷ್ಟ ಶೇಕಡಾ 25ಕ್ಕೆ ಇಳಿದಿತ್ತು. ಅಂಕಿ ನೋಡಿದರೆ ಇದೇ ಗೆದ್ದಿತು ಅನ್ನಬೇಕು, ಅಲ್ವಾ?

ಆದರೆ ಅದೇ ವಾರ ಮಗಳು ಏನೋ ಕೇಳಿದಾಗ ನಾನು ಮತ್ತೆ ನಿಂತೆ. ಆಗ ಅರ್ಥವಾಯಿತು. 93, 86, 79, 72, 65 ಅಂತ ನನಗೆ ಬಾಯಿಪಾಠ ಆಗಿತ್ತು. ಬಾಯಿಪಾಠಕ್ಕೆ ಗಮನ ಬೇಡ. ಇದನ್ನು ಖಚಿತ ಮಾಡಿಕೊಳ್ಳಲು ಮಗ್ಗಿ ಹೇಳುತ್ತಾ ನಡೆದೆ. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು. ಕಾಲು ನಿಧಾನವಾಗುವುದಿರಲಿ, ಆ ಲಯಕ್ಕೆ ಇನ್ನೂ ಚೆನ್ನಾಗಿ ಬಿತ್ತು. ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಲು ಹೋದಾಗ ಮಾತ್ರ ಹೆಜ್ಜೆ ತಡವರಿಸಿತು. ಹಾಗಾಗಿ ಲೆಕ್ಕ ಮಾಡುವವರು ಶುರುವಿನ ಸಂಖ್ಯೆಯನ್ನು ದಿನಾ ಬದಲಿಸಿ. ಒಂದು ದಿನ 113, ಇನ್ನೊಂದು ದಿನ 148. ಒಂದು ದಿನ ಏಳು, ಇನ್ನೊಂದು ದಿನ ಮೂರು.

ಒಂದು ಎಚ್ಚರಿಕೆಯೂ ಇಲ್ಲೇ ಹೇಳಬೇಕು. ಎರಡನೇ ವಾರ ಉತ್ಸಾಹದಲ್ಲಿ ಲೆಕ್ಕ ಮಾಡುತ್ತಾ ಮೆಟ್ಟಿಲು ಇಳಿದೆ. ಎಡಗಾಲು ಅಂಚಿಗೆ ತಾಗಿತು. ಕಂಬಿ ಹಿಡಿದಿದ್ದರಿಂದ ಉಳಿದೆ. ಮೆಟ್ಟಿಲ ಮೇಲೆ ಜೋಡಿ ಕೆಲಸ ಬೇಡವೇ ಬೇಡ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಒಬ್ಬ ಮನುಷ್ಯ ಇರಲಿ. ದಣಿದ ದಿನ ಬಿಟ್ಟುಬಿಡಿ.

ಪದ ಹುಡುಕುತ್ತಾ, ಮಾತಾಡುತ್ತಾ ನಡೆಯುವುದು

ಮಗಳು ಒಂದು ಅಕ್ಷರ ಕೊಡುತ್ತಾಳೆ, ಆ ಅಕ್ಷರದ ಪದ ಹೇಳುತ್ತಾ ಹೋಗಬೇಕು. 'ಕ' ಅಂದರೆ ಕಾಗೆ, ಕಡಲು, ಕನ್ನಡಿ, ಕಂಬಳಿ ಅಂತ ಪದಗಳು ಓಡಿ ಬರುತ್ತವೆ. 'ಝ' ಅಂದರೆ ಝರಿ ಆದ ಮೇಲೆ ಕತ್ತಲೆ. ಲೆಕ್ಕಕ್ಕಿಂತ ಸುಲಭ ಅಂದುಕೊಂಡಿದ್ದೆ, ಕಾಲಿಗೆ ಇದೇ ಕಷ್ಟವಾಯಿತು. ಲೆಕ್ಕದಲ್ಲಿ ಭಾರ ಒಂದೇ ಸಮ ಇರುತ್ತದೆ. ಪದ ಹುಡುಕುವಾಗ ಮೂರು ಪದ ಸರಾಗ, ನಾಲ್ಕನೆಯದಕ್ಕೆ ತಡಕಾಟ. ಆ ತಡಕಾಟದ ಗಳಿಗೆಯಲ್ಲೇ ಎಡಗಾಲು ನೆಲಕ್ಕೆ ಉಜ್ಜುತ್ತಿತ್ತು. ನಿಜವಾದ ಮಾತೂ ಹೀಗೇ ತಾನೆ? ಹೆಸರು ನೆನಪಾಗದೆ ತಡವರಿಸುವಾಗಲೇ ನಾವು ಎಡವುವುದು.

ಎರಡನೇ ವಾರದಿಂದ ಪದ ಬಿಟ್ಟು ಪ್ರಶ್ನೆಗೆ ಹೋದೆವು. "ಇವತ್ತು ಎದ್ದಾಗಿನಿಂದ ಏನೇನು ಮಾಡಿದೆ, ಕೊನೆಯಿಂದ ಮೊದಲಿಗೆ ಹೇಳು." "ನಿನ್ನ ಶಾಲೆಯ ಕೋಣೆಯಲ್ಲಿ ಕಿಟಕಿ ಯಾವ ಕಡೆ ಇತ್ತು?" ನೆನಪು ಕೆದಕಬೇಕಾದ ಪ್ರಶ್ನೆಗಳು. ಇಲ್ಲಿ ಸೆಕೆಂಡುಗಳು ಅಷ್ಟು ಇಳಿಯಲಿಲ್ಲ. ಮೂರು ವಾರದ ಕೊನೆಗೂ ನಷ್ಟ ಶೇಕಡಾ 33ರ ಹತ್ತಿರ, 12 ಇದ್ದದ್ದು 16 ಆಗುತ್ತಿತ್ತು. ಆದರೆ ಹೊರಗೆ ನಡೆಯುವಾಗ ಮಾತಿಗೆ ನಿಲ್ಲುವುದು ಕಡಿಮೆಯಾಯಿತು. ನನಗೆ ಬೇಕಿದ್ದದ್ದು ಅದೇ. ಕಾಗದದ ಮೇಲೆ ಏಳರ ಲೆಕ್ಕ ಮುಂದಿದೆ, ಬದುಕಿನಲ್ಲಿ ಮಾತು ಮುಂದಿದೆ. ನಾನು ಮಾತನ್ನೇ ಆರಿಸಿದೆ.

ನೀರಿನ ಲೋಟ

ತುಂಬಿದ ಲೋಟ ಹಿಡಿದು ಚೆಲ್ಲದಂತೆ ನಡೆಯುವುದು. ಇದರಲ್ಲಿ ಬುದ್ಧಿಗಿಂತ ಕೈಗೇ ಕೆಲಸ ಜಾಸ್ತಿ. ಕಣ್ಣು ಲೋಟಕ್ಕೆ ಅಂಟಿಕೊಳ್ಳುತ್ತದೆ, ನೆಲ ಕಾಣುವುದಿಲ್ಲ, ಹೆಜ್ಜೆ ಚಿಕ್ಕದಾಗುತ್ತದೆ. ಮನೆಯೊಳಗೆ ಓಡಾಡಲು ಉಪಯೋಗ ಇದೆ. ಮಾತಿಗೆ ನಿಲ್ಲುವ ನನ್ನ ಸಮಸ್ಯೆಗೆ ಏನೂ ಆಗಲಿಲ್ಲ.

ಎಣಿಸುತ್ತಾ ಚಪ್ಪಾಳೆ

ಜಪಾನಿನ ರಾಷ್ಟ್ರೀಯ ವೃದ್ಧಾಪ್ಯ ಸಂಶೋಧನಾ ಕೇಂದ್ರ ರೂಪಿಸಿದ ಕಾಗ್ನಿಸೈಸ್ ಅನ್ನುವ ವ್ಯಾಯಾಮದಿಂದ ಬಂದದ್ದು ಇದು. ಹೆಜ್ಜೆ ಹಾಕುತ್ತಾ ಒಂದರಿಂದ ಎಣಿಸಬೇಕು, ಮೂರರ ಗುಣಕ ಬಂದಾಗ ಚಪ್ಪಾಳೆ ತಟ್ಟಬೇಕು. ತಪ್ಪಿದರೆ ಚಿಂತೆಯಿಲ್ಲ, ತಪ್ಪುವಷ್ಟು ಕಷ್ಟ ಇದ್ದರೇ ಮೆದುಳಿಗೆ ಕೆಲಸ. ತಪ್ಪದೆ ಬಂದ ದಿನ ನಿಯಮ ಬದಲಿಸಬೇಕು, ಮೂರರ ಬದಲು ನಾಲ್ಕು.

ಐದರಲ್ಲಿ ಬೇಸರವೇ ಬರದ ಅಭ್ಯಾಸ ಇದೊಂದೇ. ಇಬ್ಬರು ಮೂವರು ಸೇರಿದರೆ ಇನ್ನೂ ಚೆಂದ. ಸಂಗೀತಕ್ಕೆ ತಕ್ಕಂತೆ ಹೆಜ್ಜೆ ಬದಲಿಸುವ ಅಭ್ಯಾಸವೂ ಇದರ ನಂಟಿನದೇ. 2011ರಲ್ಲಿ ಪ್ರಕಟವಾದ ಜಿನೀವಾದ ಒಂದು ಅಧ್ಯಯನದಲ್ಲಿ 65 ದಾಟಿದ 134 ಜನರಲ್ಲಿ ಒಂದು ಗುಂಪು ವಾರಕ್ಕೊಮ್ಮೆ ಪಿಯಾನೋಗೆ ಹೀಗೆ ಹೆಜ್ಜೆ ಹಾಕಿತು. ಆರು ತಿಂಗಳಲ್ಲಿ ಅವರು ಬೀಳುವುದು, ಇನ್ನೊಂದು ಗುಂಪಿಗೆ ಹೋಲಿಸಿದರೆ, ಅರ್ಧಕ್ಕಿಂತ ಕಡಿಮೆ ಇತ್ತು. ನನ್ನ 10 ಮೀಟರ್ ಅಂಕಿಯಲ್ಲಿ ಚಪ್ಪಾಳೆಯಿಂದ ದೊಡ್ಡ ಬದಲಾವಣೆ ಕಾಣಲಿಲ್ಲ. ಆದರೂ ಬಿಡಲು ಮನಸ್ಸಿಲ್ಲ, ಮಳೆ ಬಂದ ದಿನ ಒಳಗೇ ನಿಂತು ಇದನ್ನೇ ಮಾಡುತ್ತೇನೆ.

ಇಷ್ಟೆಲ್ಲ ಹೋಲಿಸಿದ ಮೇಲೂ ನಿಜವಾದ ವ್ಯತ್ಯಾಸ ತಂದದ್ದು ಯಾವ ಕೆಲಸ ಜೋಡಿಸಿದೆ ಅನ್ನುವುದಲ್ಲ. ಗಮನ ಎಲ್ಲಿಡಬೇಕು ಅಂತ ಹೇಳುವವರು ಒಬ್ಬರು ಇದ್ದದ್ದು. ಮಾತಿನ ಅಭ್ಯಾಸದ ಕೊನೆಯಲ್ಲಿ ಫಿಸಿಯೋಥೆರಪಿಸ್ಟ್ ಇದನ್ನು ಸೇರಿಸಿದರು. ನಾನು ಮಾತಾಡುತ್ತಾ ನಡೆಯುತ್ತಿರುವಾಗ ಮಗಳು "ಕಾಲು" ಅಂದರೆ ಗಮನವೆಲ್ಲ ಹೆಜ್ಜೆಗೆ, ಮಾತು ತಡವಾದರೂ ಪರವಾಗಿಲ್ಲ. "ಮಾತು" ಅಂದರೆ ಗಮನ ಉತ್ತರಕ್ಕೆ. ಸಮತೋಲನದ ತೊಂದರೆ ಇದ್ದ ಹಿರಿಯರ ಮೇಲೆ 2009ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ಇದನ್ನೇ ಹೋಲಿಸಿತ್ತು. ಎರಡಕ್ಕೂ ಸದಾ ಸಮ ಗಮನ ಕೊಟ್ಟವರಿಗಿಂತ, ಹೀಗೆ ಅದಲುಬದಲು ಮಾಡಿದವರಿಗೆ ಲಾಭ ಜಾಸ್ತಿ ದಿನ ಉಳಿದಿತ್ತು. ನನ್ನಲ್ಲಿ ಎರಡು ವಾರದಲ್ಲೇ ನಷ್ಟ ಶೇಕಡಾ 33ರಿಂದ 18ರ ಆಸುಪಾಸಿಗೆ ಇಳಿಯಿತು. ಈಗ ಬರೀ ನಡಿಗೆ 11 ಸೆಕೆಂಡ್, ಮಾತಿನ ಜೊತೆ 13. ಮೊದಲು ಗಮನ ಎತ್ತ ಹೋಗುತ್ತಿದೆ ಅಂತ ನನಗೇ ತಿಳಿಯುತ್ತಿರಲಿಲ್ಲ. ಈಗ ರಸ್ತೆಯಲ್ಲಿ ಹಳ್ಳ ಕಂಡರೆ ಮಾತು ಅರ್ಧಕ್ಕೆ ಬಿಟ್ಟು ಕಾಲಿಗೆ ಬರುತ್ತೇನೆ, ದಾಟಿ ಮತ್ತೆ ಮಾತಿಗೆ ಹೋಗುತ್ತೇನೆ.

ಸದ್ಯಕ್ಕೆ ವಾರದಲ್ಲಿ ಮೂರು ದಿನ ಮಾತಿನ ನಡಿಗೆ, ಒಂದು ದಿನ ಸಂಖ್ಯೆ ಬದಲಿಸಿ ಲೆಕ್ಕ, ಒಂದು ದಿನ ಚಪ್ಪಾಳೆ. ಕೈಗೂಡದೆ ಉಳಿದದ್ದು ಒಂದೇ, ಮಾತಾಡುತ್ತಾ ಹಿಂದಕ್ಕೆ ತಿರುಗುವುದು. ನೇರ ನಡೆಯುವಾಗ ಬಾಯಿ ನಿಲ್ಲುವುದಿಲ್ಲ, ತಿರುಗುವಾಗ ಈಗಲೂ ಒಂದು ಕ್ಷಣ ಮೌನ. ಈ ವಾರದಿಂದ 10 ಮೀಟರ್ ಗುರುತಿನ ಕೊನೆಯಲ್ಲಿ ಒಂದು ಕುರ್ಚಿ ಇಟ್ಟಿದ್ದೇವೆ. ಅದನ್ನು ಸುತ್ತಿ ಬರುವಾಗಲೇ ಮಗಳು ಪ್ರಶ್ನೆ ಕೇಳುತ್ತಾಳೆ.