ವಿಶ್ವಬ್ಯಾಂಕಿನ ಉಚಿತ ಡೇಟಾ ತಾಣ: ಪುಟ್ಟ ದೇಶಗಳ ಲೆಕ್ಕ ಹಾಕುವವರಿಗೆ ಎಷ್ಟು ಉಪಯೋಗ?

ಭೂತಾನ್, ಮಾಲ್ಡೀವ್ಸ್, ಮಾರಿಷಸ್ ಮೂರೂ ದೇಶಗಳ ಜನರನ್ನು ಒಟ್ಟು ಸೇರಿಸಿದರೂ 2011ರ ಜನಗಣತಿಯ ಬೆಂಗಳೂರಿನ ಮೂರನೇ ಒಂದು ಪಾಲು ಆಗುವುದಿಲ್ಲ. ಇಂಥ ದೇಶಗಳ ಆರ್ಥಿಕತೆಯ ಬಗ್ಗೆ ಜ್ಞಾನಭಾರತಿಯಲ್ಲಿ ಪ್ರಬಂಧ ಬರೆಯುವವರಿಗೂ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ಕೆಎಎಸ್, ಐಎಎಸ್‌ಗೆ ಓದುವವರಿಗೂ ಮೊದಲು ಕೈಗೆ ಸಿಗುವುದು ವಿಶ್ವಬ್ಯಾಂಕಿನ ಡೇಟಾ ತಾಣ. 2010ರ ಏಪ್ರಿಲ್‌ನಿಂದ ಅದು ಎಲ್ಲರಿಗೂ ಪುಕ್ಕಟೆ. 217 ದೇಶ, ಪ್ರದೇಶಗಳ ಅಂಕಿಗಳು, ಕೆಲವು 1960ರಿಂದಲೂ, ಒಂದೇ ಕಡೆ ಸಿಗುತ್ತವೆ. ವಿದ್ಯಾರ್ಥಿಗಳಿಗೆ ಇದು ದೊಡ್ಡ ಉಪಕಾರ. ಆದರೆ ದೇಶದ ಪುಟದಲ್ಲಿ ಕಾಣುವ ತಲಾ ಆದಾಯದ ಗ್ರಾಫನ್ನೇ ನೆಚ್ಚಿ ಕೂತರೆ ಪುಟ್ಟ ದೇಶದ ನಿಜವಾದ ಕಷ್ಟ ಕಣ್ಣಿಗೆ ಬೀಳುವುದಿಲ್ಲ.

ಮೊದಲ ತೊಡಕು ‘ಮಧ್ಯಮ ಆದಾಯ’ ಎಂಬ ಹಣೆಪಟ್ಟಿಯದು. ಪ್ರತಿ ವರ್ಷ ಜುಲೈ 1ಕ್ಕೆ ಪಟ್ಟಿ ಪರಿಷ್ಕರಣೆಯಾಗುತ್ತದೆ. 2025ರ ಜುಲೈನ ಪಟ್ಟಿಯಲ್ಲಿ ತಲಾ ಆದಾಯ 1,136ರಿಂದ 4,495 ಡಾಲರ್ ಇದ್ದರೆ ಕೆಳ ಮಧ್ಯಮ, 4,496ರಿಂದ 13,935 ಇದ್ದರೆ ಮೇಲ್ಮಧ್ಯಮ. ಗೆರೆಯ ಅಂಚಿನಲ್ಲಿರುವ ದೇಶ ಒಂದು ವರ್ಷ ಆಚೆ, ಮರುವರ್ಷ ಈಚೆ. ಶ್ರೀಲಂಕಾ 2019ರ ಜುಲೈನಲ್ಲಿ ಮೇಲ್ಮಧ್ಯಮಕ್ಕೆ ಏರಿ 2020ರಲ್ಲಿ ಕೆಳಗಿಳಿಯಿತು. ಮಾರಿಷಸ್ 2020ರಲ್ಲಿ ಅಧಿಕ ಆದಾಯದ ಗುಂಪು ಸೇರಿ 2021ರಲ್ಲಿ ವಾಪಸ್ ಬಂತು. ಡೌನ್‌ಲೋಡ್ ಮಾಡಿದ ಫೈಲಿನಲ್ಲಿರುವ ಆದಾಯದ ಗುಂಪು ಇವತ್ತಿನದು ಮಾತ್ರ. ಅದನ್ನೇ ಹಿಂದಿನ ಇಪ್ಪತ್ತು ವರ್ಷಕ್ಕೂ ಅಂಟಿಸಿದರೆ, ತೈಲದ ಬಲದಿಂದ 2023ರಲ್ಲಿ ಅಧಿಕ ಆದಾಯಕ್ಕೆ ಹೋದ ಗಯಾನಾದಂಥ ದೇಶ ಹಳೆಯ ವರ್ಷಗಳಿಂದಲೂ ಮಾಯವಾಗುತ್ತದೆ. ಮೇಲೇರಿದವರನ್ನು ತೆಗೆದು ಉಳಿದವರನ್ನಷ್ಟೇ ಎಣಿಸಿ ‘ಮಧ್ಯಮ ಆದಾಯದವರು ಮುಂದೆ ಹೋಗುವುದೇ ಇಲ್ಲ’ ಎಂದು ಬರೆದಂತಾಗುತ್ತದೆ. ವರ್ಷವಾರು ವರ್ಗೀಕರಣದ ಎಕ್ಸೆಲ್ ಫೈಲ್ ಅದೇ ತಾಣದಲ್ಲಿ ಬೇರೆಯಾಗಿ ಇದೆ. ಅದನ್ನು ಇಳಿಸಿಕೊಂಡೇ ಕೆಲಸ ಶುರುಮಾಡಬೇಕು.

ಇನ್ನು ಫೈಲಿನ ವಿಚಾರ. ತಲಾ ಆದಾಯ, ಜನಸಂಖ್ಯೆಯಂಥ ಒಂದು ಸೂಚಕವನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಠ್ಯ) ರೂಪದಲ್ಲಿ ಇಳಿಸಿದರೆ ಜಿಪ್ ಒಳಗೆ ಮೂರು ಫೈಲ್ ಬರುತ್ತವೆ: ಅಂಕಿಗಳದ್ದು, ದೇಶಗಳ ವಿವರದ್ದು, ಸೂಚಕದ ವಿವರದ್ದು. ಅಂಕಿಗಳ ಫೈಲಿನಲ್ಲಿ ಮೊದಲ ನಾಲ್ಕು ಸಾಲು ಬಿಟ್ಟು ಐದನೆಯದರಿಂದ ಶೀರ್ಷಿಕೆ ಶುರು. ದೇಶಗಳ ಹೆಸರಿನ ನಡುವೆಯೇ ‘ಸ್ಮಾಲ್ ಸ್ಟೇಟ್ಸ್’ (ಪುಟ್ಟ ದೇಶಗಳು), ‘ಅಪ್ಪರ್ ಮಿಡ್ಲ್ ಇನ್‌ಕಮ್’ (ಮೇಲ್ಮಧ್ಯಮ ಆದಾಯ) ಮುಂತಾದ ಗುಂಪುಗಳೂ ಸಾಲಾಗಿ ಕೂತಿರುತ್ತವೆ. ಹಾಗೇ ಕೂಡಿದರೆ ಒಂದೇ ದೇಶ ನಾಲ್ಕಾರು ಸಲ ಲೆಕ್ಕಕ್ಕೆ ಬರುತ್ತದೆ. ಉಪಾಯ ಸುಲಭ: ದೇಶಗಳ ವಿವರದ ಫೈಲಿನಲ್ಲಿ ‘ರೀಜನ್’ ಕಾಲಂ ಖಾಲಿ ಇರುವ ಸಾಲುಗಳೆಲ್ಲ ಗುಂಪುಗಳು, ಅವನ್ನು ಅಳಿಸಿ. ಖಾಲಿ ಕೋಶಕ್ಕೆ ಸೊನ್ನೆ ತುಂಬಬೇಡಿ. ಅಂಕಿ ಸಿಕ್ಕಿಲ್ಲ ಎಂಬುದಕ್ಕೂ ಅಂಕಿಯೇ ಸೊನ್ನೆ ಎಂಬುದಕ್ಕೂ ಅಜಗಜಾಂತರ. ‘ಸ್ಮಾಲ್ ಸ್ಟೇಟ್ಸ್’ ಎಂಬ ಸಿದ್ಧ ಗುಂಪನ್ನೂ ಕಣ್ಣುಮುಚ್ಚಿ ಬಳಸುವ ಹಾಗಿಲ್ಲ, ಬ್ರುನೈ, ಮಾಲ್ಟಾದಂಥ ಸಿರಿವಂತರು ಅದರಲ್ಲಿದ್ದಾರೆ. ಜನಸಂಖ್ಯೆ 15 ಲಕ್ಷದೊಳಗೆ ಎಂಬ ಮಿತಿ ಇಟ್ಟುಕೊಂಡು ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳುವುದು ವಾಸಿ.

ಬೆಳವಣಿಗೆ ದರದ ಗ್ರಾಫ್ ಪುಟ್ಟ ದೇಶಗಳ ವಿಷಯದಲ್ಲಿ ತುಂಬಾ ದಾರಿ ತಪ್ಪಿಸುತ್ತದೆ. ಪ್ರವಾಸೋದ್ಯಮವನ್ನೇ ನಂಬಿದ ಮಾಲ್ಡೀವ್ಸ್‌ನ ಜಿಡಿಪಿ 2020ರಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು. 100 ಇದ್ದದ್ದು 67ಕ್ಕೆ ಇಳಿದರೆ ಮತ್ತೆ 100 ಮುಟ್ಟಲು ಶೇ 50ರಷ್ಟು ಬೆಳೆಯಬೇಕು. ಮರುವರ್ಷದ ಎತ್ತರದ ಕಂಬ ನೋಡಿ ‘ಚೇತರಿಸಿಕೊಂಡಿತು’ ಎನ್ನುವುದು ಅವಸರದ ತೀರ್ಪು. ಸ್ಥಿರ ಬೆಲೆಯ, ಅಂದರೆ ಬೆಲೆಯೇರಿಕೆಯ ಪರಿಣಾಮ ಕಳೆದ, ಜಿಡಿಪಿ ಸರಣಿ ತೆಗೆದು 2019ನ್ನು 100 ಎಂದಿಟ್ಟು ನೋಡಬೇಕು. ಕೆರಿಬಿಯನ್ ದ್ವೀಪದೇಶ ಡೊಮಿನಿಕಾದ ಲೆಕ್ಕ ಇನ್ನೂ ಕಠೋರ. 2017ರ ಸೆಪ್ಟೆಂಬರ್‌ನ ಮರಿಯಾ ಚಂಡಮಾರುತದ ನಷ್ಟ ಆ ದೇಶದ ಜಿಡಿಪಿಯ ಶೇ 226. ಜಿಡಿಪಿ ಒಂದು ವರ್ಷದ ಉತ್ಪಾದನೆಯನ್ನು ಅಳೆಯುತ್ತದೆ, ಹಾರಿಹೋದ ಚಾವಣಿಯನ್ನಲ್ಲ. ಚಾವಣಿ ಮತ್ತೆ ಹೊದಿಸಿದ ಖರ್ಚು ಮಾತ್ರ ‘ಬೆಳವಣಿಗೆ’ ಎಂದು ದಾಖಲಾಗುತ್ತದೆ.

ಮಾರಿಷಸ್‌ನ ವಿದೇಶಿ ಹೂಡಿಕೆಯ ಅಂಕಿಯನ್ನೂ ಎಚ್ಚರದಿಂದ ಓದಿ, ಬೇರೆ ದೇಶಗಳಿಗೆ ಹಾದುಹೋಗುವ ಹಣವೂ ಅದರಲ್ಲಿ ಸೇರಿರುತ್ತದೆ. ಯಾವ ದೇಶದಲ್ಲಿ ವ್ಯಾಪಾರ ನಡೆಸುವುದು ಎಷ್ಟು ಸುಲಭ ಎಂದು ವಿಶ್ವಬ್ಯಾಂಕ್ ಕೊಡುತ್ತಿದ್ದ ‘ಡೂಯಿಂಗ್ ಬಿಸಿನೆಸ್’ ಶ್ರೇಯಾಂಕ ಹಳೆಯ ನೋಟ್ಸ್‌ಗಳಲ್ಲಿ ಈಗಲೂ ಕಾಣುತ್ತದೆ. ಡೇಟಾದ ಅಕ್ರಮದ ಕಾರಣಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕೇ ಅದನ್ನು ನಿಲ್ಲಿಸಿದೆ. ಬಳಸಬೇಡಿ.

ಹಾಗಾದರೆ ಏನು ನೋಡಬೇಕು? ನಾಲ್ಕು ಸರಣಿ ಒಟ್ಟಿಗೆ ಇಟ್ಟುಕೊಳ್ಳಿ: ಎಷ್ಟು ತಿಂಗಳ ಆಮದಿಗೆ ವಿದೇಶಿ ವಿನಿಮಯ ಸಂಗ್ರಹವಿದೆ, ರಫ್ತಿನ ಗಳಿಕೆಯಲ್ಲಿ ಸಾಲದ ಕಂತು ಮತ್ತು ಬಡ್ಡಿಗೆ ಹೋಗುವ ಪಾಲು, ಜಿಡಿಪಿಗೆ ಹೋಲಿಸಿದರೆ ಚಾಲ್ತಿ ಖಾತೆ ಕೊರತೆ (ವ್ಯಾಪಾರ, ಸೇವೆ ಮುಂತಾದವುಗಳಲ್ಲಿ ಹೊರಹೋಗುವ ಹಣ ಒಳಬರುವುದಕ್ಕಿಂತ ಎಷ್ಟು ಹೆಚ್ಚು ಎಂಬುದು), ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ. ಇವು ತಲಾ ಆದಾಯಕ್ಕಿಂತ ಮೊದಲೇ ಅಪಾಯದ ಗಂಟೆ ಬಾರಿಸುತ್ತವೆ.

ಇಲ್ಲೂ ಒಂದು ಮಿತಿಯಿದೆ. 2021ರ ಕೊನೆಗೆ ಶ್ರೀಲಂಕಾದ ಸಂಗ್ರಹ ಸುಮಾರು 310 ಕೋಟಿ ಡಾಲರ್ ಎಂದಿತ್ತು. ಅದರಲ್ಲಿ ಸುಮಾರು 150 ಕೋಟಿ ಡಾಲರ್ ಚೀನಾದ ಜೊತೆ ಕರೆನ್ಸಿ ಅದಲುಬದಲು ಮಾಡಿಕೊಳ್ಳುವ ಒಪ್ಪಂದದಿಂದ ಬಂದ ಯುವಾನ್. ಮೂರು ತಿಂಗಳ ಆಮದಿಗೆ ಸಾಕಾಗುವಷ್ಟು ಸಂಗ್ರಹ ಇದ್ದರೆ ಮಾತ್ರ ಬಳಸಬಹುದೆಂಬ ಷರತ್ತು ಅದಕ್ಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ. 2022ರ ಏಪ್ರಿಲ್ 12ರಂದು ದೇಶ ವಿದೇಶಿ ಸಾಲದ ಪಾವತಿ ನಿಲ್ಲಿಸಿತು. ಒಟ್ಟು ಮೊತ್ತ ಕೊಡುವ ಸರಣಿಯಲ್ಲಿ ಈ ಒಳಗುಟ್ಟು ಸಿಗುವುದಿಲ್ಲ.

ತಾಣ ಕನ್ನಡದಲ್ಲಿ ಇಲ್ಲ. ಡೇಟಾಬ್ಯಾಂಕ್ ಎಂಬ ಟೇಬಲ್ ಕಟ್ಟುವ ಭಾಗಕ್ಕೆ ಮೊಬೈಲ್ ಪರದೆ ಸಾಲದು, ಲ್ಯಾಪ್‌ಟಾಪ್ ಬೇಕು. ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದಕ್ಕೆ ಆಯಾ ದೇಶದ ಕೇಂದ್ರ ಬ್ಯಾಂಕಿಗೇ ಹೋಗಬೇಕು. ಭೂತಾನ್‌ನ ಉದಾಹರಣೆ ನೋಡಿ: ಅಲ್ಲಿನ ಸಂವಿಧಾನದ ಪ್ರಕಾರ ಕನಿಷ್ಠ ಒಂದು ವರ್ಷದ ಅಗತ್ಯ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಸಂಗ್ರಹ ಇರಲೇಬೇಕು. ಹಾಗಿದ್ದೂ 2012ರಲ್ಲಿ ಅವರಿಗೆ ನಮ್ಮ ರೂಪಾಯಿಯದೇ ಬರ ಬಂತು, ಏಕೆಂದರೆ ಆಮದಿನ ಬಹುಪಾಲು ಭಾರತದಿಂದ. ಅಲ್ಲಿನ ಕೇಂದ್ರ ಬ್ಯಾಂಕಾದ ರಾಯಲ್ ಮಾನಿಟರಿ ಅಥಾರಿಟಿ ರೂಪಾಯಿ ಸಂಗ್ರಹವನ್ನೂ ಡಾಲರ್‌ನಂಥ ಕರೆನ್ಸಿಗಳ ಸಂಗ್ರಹವನ್ನೂ ಬೇರೆ ಬೇರೆಯಾಗಿ ಪ್ರಕಟಿಸುತ್ತದೆ. ಭೂತಾನ್ ಬಗ್ಗೆ ಬರೆಯುವವರು ವಿಶ್ವಬ್ಯಾಂಕಿನ ಸರಣಿಯ ಪಕ್ಕದಲ್ಲಿ ಆ ಎರಡು ಕಾಲಂಗಳನ್ನೂ ಇಟ್ಟುಕೊಳ್ಳಲಿ.