ಏರಿಳಿಯುವ ಮೇಜು: ಕೆಲವು ವರ್ಷ ಬಳಸಿದ ಮೇಲೆ

ಮನೆಯಿಂದ ಕೆಲಸ ಮಾಡುವವರು ವಿದ್ಯುತ್ ಮೋಟಾರಿನಿಂದ ಏರಿಳಿಯುವ ಮೇಜನ್ನು ಕೊಳ್ಳಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಜಾಹೀರಾತು ಹೇಳುವ ಕಾರಣಕ್ಕಲ್ಲ. ನಿಂತು ಕೆಲಸ ಮಾಡಿದರೆ ತೂಕ ಇಳಿಯುತ್ತದೆ ಎಂದು ನಂಬಿದವರಿಗೆ ನಿರಾಸೆ ಖಂಡಿತ. ಕೂರುವುದಕ್ಕಿಂತ ನಿಲ್ಲುವುದರಿಂದ ಗಂಟೆಗೆ ಹೆಚ್ಚಾಗಿ ಖರ್ಚಾಗುವುದು ಸುಮಾರು 10 ಕಿಲೋಕ್ಯಾಲೊರಿಯಷ್ಟೇ. ದೇಹ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಿಗಿದುಕೊಳ್ಳದಂತೆ ತಡೆಯುವುದು ಈ ಮೇಜಿನ ನಿಜವಾದ ಉಪಯೋಗ.

1953ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ದಿನವಿಡೀ ಕೂತಿರುವ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡುಬಂದಿತ್ತು. ನಿರ್ವಾಹಕರು ಸುಮ್ಮನೆ ನಿಂತಿರುತ್ತಿರಲಿಲ್ಲ, ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ನನ್ನ ಮೇಜನ್ನು ನಾನು ಅಳೆಯುವುದೂ ಇದೇ ಲೆಕ್ಕದಲ್ಲಿ: ಅದು ನನ್ನನ್ನು ಎಷ್ಟು ಹೊತ್ತು ನಿಲ್ಲಿಸುತ್ತದೆ ಎನ್ನುವುದಕ್ಕಿಂತ ಎಷ್ಟು ಸಲ ಕದಲಿಸುತ್ತದೆ ಎನ್ನುವುದು ಮುಖ್ಯ.

ಆ ಲೆಕ್ಕದಲ್ಲಿ ಎತ್ತರವನ್ನು ನೆನಪಿಟ್ಟುಕೊಳ್ಳುವ ಗುಂಡಿಗಳೇ ಇದರ ಜೀವಾಳ. ಒಂದು ಸಲ ಒತ್ತಿದರೆ ಮೇಜು ನಿಲ್ಲುವ ಎತ್ತರಕ್ಕೆ, ಇನ್ನೊಂದು ಸಲ ಒತ್ತಿದರೆ ಕೂರುವ ಎತ್ತರಕ್ಕೆ ತಾನೇ ಹೋಗುತ್ತದೆ. ಗುಂಡಿಯನ್ನು ಹಿಡಿದುಕೊಂಡೇ ಇರಬೇಕಾದ ಅಥವಾ ಕೈಯಿಂದ ಹಿಡಿಕೆ ತಿರುಗಿಸಬೇಕಾದ ಮೇಜಾದರೆ, ಕೆಲಸದ ಒತ್ತಡ ಹೆಚ್ಚಿದ ದಿನ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ನಾನು ಫೋನ್ ಕರೆ ಬಂದಾಗಲೆಲ್ಲ ಮೇಜನ್ನು ಏರಿಸುತ್ತೇನೆ. ಬರೆಯುವ ಕೆಲಸಕ್ಕೆ ಇಳಿಸುತ್ತೇನೆ. ಗಡಿಯಾರ ನೋಡಿ ಬದಲಿಸುವುದಕ್ಕಿಂತ ಇದು ಸುಲಭವಾಗಿ ರೂಢಿಯಾಯಿತು.

ಕೊಳ್ಳುವಾಗ ಎಲ್ಲರೂ ಮೇಜು ಎಷ್ಟು ಮೇಲೆ ಹೋಗುತ್ತದೆ ಎಂದು ಕೇಳುತ್ತಾರೆ. ಎಷ್ಟು ಕೆಳಗಿಳಿಯುತ್ತದೆ ಎಂದು ಕೇಳುವುದು ಅದಕ್ಕಿಂತ ಮುಖ್ಯ. ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ ಕೂತು, ಭುಜ ಸಡಿಲಿಸಿ, ಮೊಣಕೈಯನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಿಸಿದಾಗ ಅದು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೋ, ಕೀಲಿಮಣೆ ಅಲ್ಲಿರಬೇಕು. ಗಿಡ್ಡ ಇರುವವರಿಗೆ ಈ ಅಳತೆ ಸಾಮಾನ್ಯ ಮೇಜಿನ 73–75 ಸೆಂಟಿಮೀಟರ್‌ಗಿಂತ ಎಷ್ಟೋ ಕಡಿಮೆ. 70ಕ್ಕಿಂತ ಕೆಳಗಿಳಿಯದ ಮೇಜು ಕೊಂಡರೆ ಕುರ್ಚಿ ಏರಿಸಿ, ಕಾಲಡಿಗೆ ಮಣೆ ಇಟ್ಟುಕೊಳ್ಳಬೇಕಾಗುತ್ತದೆ. ಇಲ್ಲದಿದ್ದರೆ ಭುಜ ಎತ್ತಿಕೊಂಡೇ ಟೈಪ್ ಮಾಡಿ ಕುತ್ತಿಗೆ ಹಿಡಿಯುತ್ತದೆ. ಲ್ಯಾಪ್‌ಟಾಪ್ ಬಳಸುವವರು ಪ್ರತ್ಯೇಕ ಕೀಲಿಮಣೆ ಇಟ್ಟುಕೊಳ್ಳಲೇಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದರೆ ಕೀಲಿಗಳು ಕೈಗೆ ಎತ್ತರವಾಗುತ್ತವೆ, ಕೀಲಿಗಳು ಸರಿಹೋದರೆ ತಲೆ ಬಗ್ಗುತ್ತದೆ. ಯಾವ ಮೇಜೂ ಇದನ್ನು ಬಗೆಹರಿಸಲಾರದು.

ಹೆಚ್ಚು ಹೊತ್ತು ನಿಲ್ಲುವುದೂ ಒಳ್ಳೆಯದಲ್ಲ. ಮೀನಖಂಡದ ಸ್ನಾಯುಗಳು ಸಂಕುಚಿಸಿದಾಗಲೇ ಕಾಲಿನ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಕಂಬದಂತೆ ನಿಂತರೆ ಪಾದ ಊದುತ್ತದೆ, ಸೊಂಟ ನೋಯುತ್ತದೆ. ಕಾಲಡಿಗೆ ಮೆತ್ತನೆಯ ಚಾಪೆ ಹಾಕಿದ ಮೇಲೆ ನನಗೆ ಹಿಮ್ಮಡಿಯ ನೋವು ಕಡಿಮೆಯಾಯಿತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೇಜಿನ ಮುಂದೆ ನಿಂತ ಹೊತ್ತನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಡಿಗೆಗೆ ಬೇರೆ ಸಮಯ ಕೊಡಲೇಬೇಕು.

ಇನ್ನು ಕೊರತೆಗಳು. ಪೂರ್ತಿ ಏರಿಸಿದಾಗ ಮೇಜು ತುಸು ಅಲುಗಾಡುತ್ತದೆ, ಜೋರಾಗಿ ಟೈಪ್ ಮಾಡಿದರೆ ಪರದೆ ನಡುಗುತ್ತದೆ. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಸಲ ಎತ್ತರದ ಲೆಕ್ಕ ತಪ್ಪಿ ನಿಂತುಬಿಡುತ್ತದೆ. ಆಗ ಇಳಿಸುವ ಗುಂಡಿಯನ್ನು ಒತ್ತಿ ಹಿಡಿದು ತಳಮುಟ್ಟಿಸಿದರೆ ಸರಿಹೋಗುತ್ತದೆ. ಪರದೆಯ ತಂತಿಗಳು ಮೇಜು ಏರುವಷ್ಟು ಉದ್ದವಿರಲಿ, ಇಲ್ಲದಿದ್ದರೆ ಕಿತ್ತು ಬರುತ್ತವೆ. ವಾರಂಟಿ ಪತ್ರ ಓದುವಾಗ ಮೋಟಾರು ಮತ್ತು ನಿಯಂತ್ರಣ ಪೆಟ್ಟಿಗೆಗೆ ಎಷ್ಟು ವರ್ಷ ಎಂದು ನೋಡಿ. ಹಲಗೆಗೆ ಎಷ್ಟು ವರ್ಷ ಕೊಟ್ಟರೂ ಪ್ರಯೋಜನ ಕಡಿಮೆ, ಕೆಡುವುದು ಅವೆರಡೇ.