ಕಲಬುರಗಿಯ ಕಾನ್ವೆಂಟ್ ಓಸ್ತಿ: ಚಿಕ್ಕದು ಚಲೋ, ದೊಡ್ಡದರಲ್ಲಿ ತೊಡಕು

ಕಲಬುರಗಿಯ ಒಂದು ಕಾನ್ವೆಂಟಿನ ಸಿಸ್ಟರ್‌ಗಳು ಸುಡುವ ಓಸ್ತಿ, ಅಂದರೆ ಕ್ಯಾಥೋಲಿಕ್ ಬಲಿಪೂಜೆಗೆ ಬಳಸುವ ತೆಳು ಗೋಧಿ ರೊಟ್ಟಿ, ಈಗ ಸುತ್ತಲಿನ ಚರ್ಚುಗಳಿಗೂ ಸಿಗುತ್ತಿದೆ. ಜನರಿಗೆ ಹಂಚುವ ಚಿಕ್ಕ ಓಸ್ತಿ 500ರ ಪ್ಯಾಕೆಟ್, ಪೂಜೆ ನಡೆಸುವ ಗುರುಗಳ ದೊಡ್ಡ ಓಸ್ತಿ 25ರ ಪ್ಯಾಕೆಟ್. ದೂರದ ಊರಿಂದ ಕೊರಿಯರ್‌ನಲ್ಲಿ ಕುಲುಕಾಡಿ ಬರುವ ಮಾಲಿಗಿಂತ ಇದು ಎಷ್ಟೋ ವಾಸಿ. ಚಿಕ್ಕದನ್ನು ಧೈರ್ಯವಾಗಿ ತರಿಸಬಹುದು.

ಓಸ್ತಿಯಲ್ಲಿ ಮೊದಲು ನೋಡಬೇಕಾದ್ದು ಪುಡಿ. ಗುರುಗಳು ‘ಇದು ನನ್ನ ಶರೀರ’ ಎಂದು ಉಚ್ಚರಿಸಿದ ಮೇಲೆ ಬಣ್ಣ, ರುಚಿ, ವಾಸನೆ ರೊಟ್ಟಿಯದೇ ಉಳಿದರೂ ಅಲ್ಲಿರುವವರು ಕ್ರಿಸ್ತರು. ಮುರಿದ ಒಂದೊಂದು ಭಾಗದಲ್ಲೂ ಅವರು ಪೂರ್ತಿಯಾಗಿ ಇರುತ್ತಾರೆಂದು ಧರ್ಮಸಭೆಯ ಟ್ರೆಂಟ್ ಮಹಾಸಭೆ 1551ರಲ್ಲಿ ಖಚಿತವಾಗಿ ಸಾರಿದೆ. ಕಡಕ್ ರೊಟ್ಟಿ ಮುರಿದು ಚೂರು ಝಾಡಿಸಿಕೊಂಡು ಏಳುವಂತೆ ಪೀಠದಿಂದ ಏಳಲಾಗದು. ಹಾಗಾಗಿ ಪುಡಿ ಉದುರುವ ಓಸ್ತಿ ಎಷ್ಟು ಬೆಳ್ಳಗಿದ್ದರೂ ಕಳಪೆಯೇ.

ಪರೀಕ್ಷೆ ಸುಲಭ. ಪೂಜೆಗೆ ಇಡುವ ಮುಂಚೆ ಕಪ್ಪು ಬಟ್ಟೆಯ ಮೇಲೆ ಐವತ್ತು ಓಸ್ತಿ ಸುರಿದು, ಕೈಯಲ್ಲಿ ಒಮ್ಮೆ ಆಡಿಸಿ ಎತ್ತಿಬಿಡಿ. ಈ ಕಾನ್ವೆಂಟಿನ ಚಿಕ್ಕ ಓಸ್ತಿ ಎತ್ತಿದಾಗ ಬಟ್ಟೆಯ ಮೇಲೆ ಉಳಿದದ್ದು ಸಾಸಿವೆಗಿಂತ ಸಣ್ಣ ನಾಲ್ಕೈದು ಕಣ ಅಷ್ಟೆ. ಬೆರಳಿನಿಂದ ಸುತ್ತ ಸವರಿದರೆ ಅಂಚು ನುಣುಪಾಗಿ ತಾಗುತ್ತದೆ, ಗರಗಸದ ಹಲ್ಲಿನಂತೆ ತಡೆಯುವುದಿಲ್ಲ.

ಅಂಚು ಹೀಗೆ ಬರುವುದು ಹದದಿಂದ. ಗೋಧಿ ಹಿಟ್ಟು, ತಣ್ಣೀರು ಬಿಟ್ಟರೆ ಬೇರೇನೂ ಇಲ್ಲ. ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ, ಗಂಟು ಉಳಿಯದಂತೆ ಸೋಸಿ, ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತುತ್ತಾರೆ. ಹಲಗೆ ಹೆಚ್ಚು ಕಾದರೆ ಹಾಳೆ ಕಂದುತ್ತದೆ, ಕಡಿಮೆ ಕಾದರೆ ನಡುವೆ ಹಸಿ ಉಳಿದು ಮುಂದೆ ಬೂಸ್ಟು ಹಿಡಿಯುತ್ತದೆ. ಸುಟ್ಟ ಹಾಳೆಯನ್ನು ಕೂಡಲೇ ಕತ್ತರಿಸಿದರೆ ಗಾಜಿನಂತೆ ಸಿಡಿಯುತ್ತದೆ. ಅದಕ್ಕೇ ಒಂದು ರಾತ್ರಿ ತೇವದ ಜಾಗದಲ್ಲಿಟ್ಟು, ಮೆತ್ತಗಾದ ಮೇಲೆ ಕತ್ತರಿಸಿ, ಜರಡಿ ಹಿಡಿದು, ಮತ್ತೆ ಒಣಗಿಸಬೇಕು. ಏಪ್ರಿಲ್–ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಗಾಳಿಯ ತೇವವೇ ಸತ್ತುಹೋಗಿರುತ್ತದೆ. ಆಗ ಈ ಒಂದು ಹಂತದಲ್ಲಿ ಆತುರಪಟ್ಟರೂ ಇಡೀ ಹೊರೆ ಪುಡಿ.

ದೊಡ್ಡ ಓಸ್ತಿಯಲ್ಲಿ ತೊಂದರೆ ಇರುವುದು ಈ ಪುಡಿಯದೇ. ಸುಮಾರು 7 ಸೆಂಟಿಮೀಟರ್ ಅಗಲ, ಮಧ್ಯದಲ್ಲಿ ಮುರಿಯುವ ಗೆರೆಯ ಅಚ್ಚು ತೀರ ಮೇಲುಮೇಲೆ. ‘ದೇವರ ಕುರಿಮರಿ’ ಹಾಡುವ ಹೊತ್ತಿಗೆ ಗುರುಗಳು ಮುರಿದರೆ ಗೆರೆ ಬಿಟ್ಟು ಓರೆಯಾಗಿ ಸೀಳಿ ಚೂರು ಹಾರುತ್ತದೆ. ಅಚ್ಚು ಇನ್ನೊಂದಿಷ್ಟು ಆಳವಾಗುವ ತನಕ ದೊಡ್ಡದನ್ನು ಬೇರೆ ಕಡೆ ತರಿಸುವುದೇ ಮೇಲು. ಹೇಗೂ ಪೀಠದ ಮೇಲೆ ಕಾರ್ಪೊರಲ್ ಎಂಬ ಚೌಕ ಬಿಳಿ ಬಟ್ಟೆ ಹಾಸಿ, ತಟ್ಟೆಯ ಮೇಲೆಯೇ ಮುರಿಯಬೇಕು, ಕೊನೆಗೆ ಕಣಗಳನ್ನು ಪಾತ್ರೆಗೆ ಸವರಿ ನೀರು ಹಾಕಿ ಸೇವಿಸಬೇಕು.

ನಮ್ಮ ಕಡೆ ಜೋಳವೇ ಅನ್ನ, ಜೋಳದ ರೊಟ್ಟಿ ಯಾಕೆ ಆಗದು ಎಂದು ಕೇಳುವವರಿದ್ದಾರೆ. ಧರ್ಮಸಭೆಯ ಕಾನೂನು, ನಿಯಮ 924, ಬರೀ ಗೋಧಿ ಎನ್ನುತ್ತದೆ, ಅದೂ ಕೆಡುವ ಭಯವಿಲ್ಲದಷ್ಟು ಹೊಸದು. ಲ್ಯಾಟಿನ್ ವಿಧಿಯಲ್ಲಿ, ಅಂದರೆ ರೋಮನ್ ಪದ್ಧತಿಯ ಪೂಜೆಯಲ್ಲಿ, ಹುಳಿ ಬರಿಸುವಂತಿಲ್ಲ, ಸಕ್ಕರೆ, ಜೇನು ಬೆರೆಸುವಂತಿಲ್ಲ. ಮೈದಾ ಗೋಧಿಯದೇ, ನಡೆಯುತ್ತದೆ. ಅಂಗಡಿಯ ಮಲ್ಟಿಗ್ರೇನ್ ಆಟಾದಲ್ಲಿ ಸೋಯಾ, ಕಡಲೆ, ರಾಗಿ ಸೇರಿರುತ್ತವೆ, ಅದನ್ನು ಮುಟ್ಟಬೇಡಿ. ಈ ಕಾನ್ವೆಂಟ್ ಪ್ಯಾಕೆಟ್ ಮೇಲೆ ಸುಟ್ಟ ತಾರೀಕು ಬರೆಯುತ್ತದೆ. ಎಲ್ಲರೂ ಬರೆಯಬೇಕಾದ್ದು ಅದನ್ನೇ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಆಗದವರಿಗೆ ಬೇಕಾದ ಕಡಿಮೆ ಗ್ಲುಟೆನ್ ಓಸ್ತಿ ಇಲ್ಲಿ ಸಿಗುವುದಿಲ್ಲ. ಗ್ಲುಟೆನ್ ಪೂರ್ತಿ ತೆಗೆದದ್ದು ಪೂಜೆಗೆ ಸಲ್ಲದೆಂದು ರೋಮ್ 2017ರ ಸುತ್ತೋಲೆಯಲ್ಲೂ ಮತ್ತೆ ಹೇಳಿದೆ. ಅಂಥವರಿಗೆ ಪಾತ್ರೆಯಿಂದ ದ್ರಾಕ್ಷಾರಸದ ರೂಪದಲ್ಲಿರುವ ಕ್ರಿಸ್ತರ ರಕ್ತವನ್ನಷ್ಟೇ ಕೊಟ್ಟರೂ ಸಾಕು, ಅದರಲ್ಲೂ ಕ್ರಿಸ್ತರು ಪೂರ್ತಿ ಇದ್ದಾರೆ. ಮುಂಚೆಯೇ ಗುರುಗಳಿಗೆ ಹೇಳಿ ಬೇರೆ ಪಾತ್ರೆ ಇಡಿಸಿ. ಓಸ್ತಿಯ ತುಣುಕು ಬಿದ್ದ ಪಾತ್ರೆ ಅವರಿಗೆ ಬೇಡ.

ಪ್ಯಾಕಿಂಗ್ ಮಾತ್ರ ಸಾಲದು. ತೆಳು ಪ್ಲಾಸ್ಟಿಕ್ ಚೀಲ, ಮೇಲೆ ಒಂದು ಪಿನ್. ಮಳೆಗಾಲದಲ್ಲಿ ವಾರದೊಳಗೆ ಹಪ್ಪಳ ಸೊರಗಿದಂತೆ ಮೆತ್ತಗಾಗುತ್ತದೆ. ಬಂದ ದಿನವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿಯಿರಿ. ಪೂಜಾವಸ್ತ್ರದ ಅಲಮಾರಿಯಲ್ಲಿ ಇಡಬೇಡಿ, ನುಸಿಗುಳಿಗೆಯ ವಾಸನೆಯನ್ನು ಓಸ್ತಿ ಒಂದೇ ದಿನದಲ್ಲಿ ಎಳೆದುಕೊಳ್ಳುತ್ತದೆ. ಯಾದಗಿರಿ, ಬೀದರ್ ಕಡೆಯ ಹಳ್ಳಿಗಳಿಗೆ ಬೈಕಿನಲ್ಲಿ ಒಯ್ಯುವಾಗ ಡಬ್ಬಿ ತುಂಬಿರಲಿ. ಅರ್ಧ ಖಾಲಿ ಇದ್ದರೆ ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದು ಅಂಚು ಒಡೆಯುತ್ತದೆ.

ಈಸ್ಟರ್ ಮುಂಚಿನ ಪವಿತ್ರ ವಾರಕ್ಕೆ ಬೇಕಾದದ್ದನ್ನು ಮೂರು ವಾರ ಮುಂಚೆ ಹೇಳಿಡಿ. ಆ ಬಿಸಿಲಿನ ದಿನಗಳಲ್ಲಿ ಹಾಳೆ ಹದಕ್ಕೆ ಬರಲು ಸಿಸ್ಟರ್‌ಗಳಿಗೆ ಸಮಯ ಬೇಕು.